ಇಸ್ತ್ರಿಯಣ್ಣನ ಮನೆಯ ಎಂಟನೆಯ ಪದ್ಯ

ಇಸ್ತ್ರಿಯಣ್ಣನ ಹೆಂಡತಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಯಿತು. ಬಲಗೈ ಬಿತ್ತು, ಮಾತೂ ನಿಂತಿತು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಂಗಡಿ, ಪರದೆಯ ಹಿಂದೆ ಅವಳ ಮಂಚ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಹಳೆಯ ಸಿಡಿ ಪ್ಲೇಯರ್.

ದಿನಕ್ಕೊಮ್ಮೆ ಮಾತ್ರ ಆ ಮನೆಯಲ್ಲಿ ಅವಳ ದನಿ ಕೇಳುತ್ತಿತ್ತು. ಮಗಳು ಹುಟ್ಟಿದ ವರ್ಷ ಗಂಡ ಹೆಂಡತಿ ಇಬ್ಬರೂ ಹೋಗಿ ಕೊಂಡು ತಂದಿದ್ದ ಸಿಡಿ ಅದು. ವಾಚಕರೊಬ್ಬರು ರಾಗವಾಗಿ ಓದಿದ ಹನ್ನೆರಡು ಭಕ್ತಿಪದ್ಯಗಳು. ಅದು ಶುರುವಾಯಿತೆಂದರೆ, ಗುಟುಕು ನೀರು ಕೇಳಲೂ ಬಾರದ ಆ ನಾಲಿಗೆ ಪ್ರತಿ ಸಾಲಿನ ಕೊನೆಯ ಪದವನ್ನು ವಾಚಕರ ಜೊತೆಗೇ ಹೇಳುತ್ತಿತ್ತು. ತೊದಲುತ್ತ, ಆದರೆ ತಪ್ಪದೆ. ಇಸ್ತ್ರಿಯಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳುತ್ತಿದ್ದ.

ಒಂದು ದಿನ ಒಂಬತ್ತನೆಯ ಪದ್ಯ ನಡುವೆ ತಡವರಿಸಿತು. ಒಂದೇ ಪದವನ್ನು ಮತ್ತೆ ಮತ್ತೆ ಹೇಳಿ ನಿಂತುಹೋಯಿತು.

"ಅಪ್ಪಾ, ಇದನ್ನ ಇವತ್ತೇ ಫೋನಿಗೆ ಹಾಕ್ಕೊಂಡುಬಿಡೋಣ," ಎಂದಳು ಮಗಳು. "ಲೈಬ್ರರಿ ಅಕ್ಕನ ಹತ್ರ ಕಂಪ್ಯೂಟರ್ ಇದೆ. ಅರ್ಧ ಗಂಟೆ ಕೆಲಸ."

ಅವನು ಸಿಡಿಯ ಕವರನ್ನು ಅವಳ ಮುಂದೆ ಹಿಡಿದ. "ಓದು. ಏನು ಬರ್ದಿದೆ?"

"ನಕಲು ಮಾಡುವುದು ಅಪರಾಧ ಅಂತ. ಅದು ಮಾರೋರಿಗೆ ಅಪ್ಪಾ."

"ಮಾರೋರಿಗೆ ಅಂತ ಇದೆಯಾ? ಗಿರಾಕಿ ಜೇಬಲ್ಲಿ ಸಿಕ್ಕ ಪೆನ್ನನ್ನೂ ವಾಪಸ್ ಕೊಡೋನು ನಾನು. ಕದ್ದ ಪದ್ಯ ಕೇಳಿ ನಿಮ್ಮಮ್ಮನ ನಾಲಿಗೆ ತಿರುಗೋದು ಬೇಡ."

"ಕದಿಯೋದೇನು ಬಂತು? ದುಡ್ಡು ಕೊಟ್ಟು ತಂದಿದ್ದು ನೀವೇ ಅಲ್ವಾ?"

"ತಂದಿದ್ದು ಒಂದು. ಇನ್ನೊಂದು ಎಲ್ಲಿಂದ ಬಂತು ಅಂತ ಮೇಲಿರೋನು ಕೇಳಿದ್ರೆ ಏನಂತೀಯ?"

ಎರಡು ಬೀದಿ ದಾಟಿ ಲೈಬ್ರರಿಗೆ ಹೋಗಿ ಕೇಳಿದ್ದರೆ ಸಾಕಿತ್ತು. ಇಬ್ಬರೂ ಹೋಗಲಿಲ್ಲ.

ಮರುದಿನ ಇಸ್ತ್ರಿಯಣ್ಣ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಅಂಚು ಕೊಂಚ ಬಾಗಿದಂತೆ ಕಂಡಿತು. ಮೂವತ್ತು ವರ್ಷ ಬೀದಿಯವರೆಲ್ಲರ ಬಟ್ಟೆಯ ಸುಕ್ಕು ತೆಗೆದ ಕೈ ಅದು. ಇದೊಂದನ್ನು ನೇರ ಮಾಡಲಾರದೇ? ಒದ್ದೆ ಬಟ್ಟೆ ಹೊದಿಸಿ, ರೇಷ್ಮೆಗೆ ಕೊಡುವಷ್ಟೇ ಬಿಸಿಯಲ್ಲಿ, ಪೆಟ್ಟಿಗೆಯ ಮೂತಿಯಿಂದ ಅಂಚಿನ ಮೇಲೆ ಮೆಲ್ಲಗೆ ಒತ್ತಿದ.

ಬಟ್ಟೆ ತೆಗೆದಾಗ ಅಂಚಿನಲ್ಲಿ ಗುಳ್ಳೆ ಎದ್ದಿತ್ತು.

ಸಂಜೆ ಬಟ್ಟೆ ಒಯ್ಯಲು ಬಂದ ಲೈಬ್ರರಿ ಅಕ್ಕ, ಅವನ ಮುಖ ನೋಡಿಯೇ ಚೀಲ ಕೆಳಗಿಟ್ಟಳು. ನಡೆದದ್ದನ್ನೆಲ್ಲ ಮಗಳು ಹೇಳಿದಳು. ಪಕ್ಕದ ಕಟಿಂಗ್ ಶಾಪಿನವನೂ ಇಣುಕಿದ.

"ಏನಣ್ಣಾ, ಪದ್ಯಕ್ಕೂ ಮಡಿಕೆ ಗೆರೆ ಹೊಡೆಯೋಕೆ ಹೋದ್ಯಾ?"

ಯಾರೂ ನಗಲಿಲ್ಲ.

"ಫೋನಿಗೆ ಹಾಕ್ಕೊಂಡಿದ್ರೆ ಆಗ್ತಿತ್ತಲ್ಲ ಅಣ್ಣಾ," ಎಂದಳು ಲೈಬ್ರರಿ ಅಕ್ಕ. "ಕೊಂಡು ತಂದ ಹಾಡನ್ನ ನಿಮ್ಮ ಮನೇಲಿ ನೀವೇ ಕೇಳೋಕೆ ಒಂದು ನಕಲು ಇಟ್ಕೊಂಡ್ರೆ ನಮ್ಮ ಕಾನೂನು ತಪ್ಪು ಅನ್ನಲ್ಲ. ಮಾರಿದ್ರೆ ತಪ್ಪು. ಊರಿಗೆಲ್ಲ ಹಂಚಿದ್ರೆ ತಪ್ಪು."

"ಹಾಗಂತ ಕವರಲ್ಲಿ ಬರೀಬಾರ್ದಾಗಿತ್ತಾ ತಾಯಿ?"

"ಕವರು ಅಂಗೈಯಗಲ. ಕಾನೂನು ಪೂರ್ತಿ ಅದರಲ್ಲಿ ಹಿಡಿಸುತ್ತಾ? ಬಂದು ಒಂದು ಮಾತು ಕೇಳಬಾರ್ದಿತ್ತಾ?"

ಅವನು ಸಿಡಿಯನ್ನು ಅವಳ ಕೈಗಿಟ್ಟ.

ಸಿಡಿ ಒಳಗಿನಿಂದ ಹೊರಕ್ಕೆ ಓದಿಕೊಳ್ಳುತ್ತದೆ, ಅಂಚು ಹೋದರೆ ಹೋಗುವುದು ಕೊನೆಯ ಪದ್ಯಗಳು ಎಂದು ಹೇಳಿ ಅವಳು ಅದನ್ನು ಒಯ್ದಳು. ಮಗಳೂ ಜೊತೆಗೆ ಹೋದಳು. ಏಳು ಪದ್ಯ ಫೋನಿಗೆ ಬಂದವು. ಐದು ಬರಲಿಲ್ಲ. ಹೊಸ ಸಿಡಿಗಾಗಿ ಅಕ್ಕ ನಾಲ್ಕು ಕಡೆ ಫೋನು ಮಾಡಿದಳು. ವಾಚಕರು ತೀರಿಕೊಂಡಿದ್ದರು, ಹೊರತಂದ ಸಂಸ್ಥೆ ಮುಚ್ಚಿತ್ತು. ಯಾರ ಬಳಿಯೂ ಇರಲಿಲ್ಲ.

"ಆ ಏಳನ್ನ ನಂಗೂ ಕಳ್ಸವ್ವಾ, ಅಂಗಡೀಲಿ ಹಾಕ್ತೀನಿ. ಗಿರಾಕಿಗಳೂ ಕೇಳ್ಲಿ," ಎಂದ ಕಟಿಂಗ್ ಶಾಪಿನವನು.

"ಬೇಡ," ಎಂದವನು ಇಸ್ತ್ರಿಯಣ್ಣನೇ. "ಇದು ನಮ್ಮನೆಗೆ ಅಂತ ಇಟ್ಕೊಂಡಿದ್ದು."

"ಸರಿಯಾಗಿ ಹೇಳಿದ್ರಿ," ಎಂದಳು ಲೈಬ್ರರಿ ಅಕ್ಕ. "ಓದಿದೋರು ಹೋದ್ರೂ ಹಕ್ಕು ಹೋಗಲ್ಲ. ಅದು ಅವರ ಮಕ್ಕಳದ್ದೋ ಇನ್ನೊಬ್ಬರದ್ದೋ ಆಗಿರುತ್ತೆ."

ಮಗಳು ಫೋನನ್ನು ದಿಂಬಿನ ಪಕ್ಕ ಇಟ್ಟಳು. ತಾಯಿಯ ತುಟಿ ಅಲುಗಿತು. ಒಂದು, ಎರಡು, ಮೂರು... ಏಳನೆಯ ಪದ್ಯದ ಕೊನೆಯ ಪದವನ್ನೂ ಹೇಳಿದಳು. ಆಮೇಲೆ ಸದ್ದಿಲ್ಲ. ಅವಳ ಬಾಯಿ ಮುಚ್ಚಲಿಲ್ಲ. ಕಣ್ಣು ಫೋನಿನ ಮೇಲೆಯೇ ಇತ್ತು. ಇಸ್ತ್ರಿಯಣ್ಣ ಪರದೆಯ ಅಂಚು ಹಿಡಿದು ನಿಂತಿದ್ದ.

"ಅಷ್ಟೇ ಕಣೇ," ಎಂದ. "ಮುಂದಿನದನ್ನ ನಾನೇ ಸುಟ್ಟೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಪಾಟಿನಲ್ಲೂ ಇಂಥದೊಂದು ಸಿಡಿ, ಒಂದು ಕ್ಯಾಸೆಟ್ ಇದ್ದೀತು. ಕೊಂಡು ತಂದದ್ದಾದರೆ ನಿಮ್ಮ ಮನೆಯ ಕಿವಿಗೆಂದು ಒಂದು ನಕಲು ಮಾಡಿಟ್ಟುಕೊಳ್ಳಿ, ಮೂಲವನ್ನೂ ಜೋಪಾನ ಮಾಡಿ. ಆ ನಕಲನ್ನು ಮಾರಬೇಡಿ, ಹಂಚಬೇಡಿ, ಫೋನಿನ ಗುಂಪುಗಳಿಗೆ ಹಾಕಬೇಡಿ; ಓದಿದವರ, ಹಾಡಿದವರ ಅನ್ನ ಅದು. ಕಾನೂನು ಎಲ್ಲ ದೇಶದಲ್ಲೂ ಒಂದೇ ಅಲ್ಲ. ಅನುಮಾನ ಬಂದರೆ ಗ್ರಂಥಾಲಯದಲ್ಲೋ ವಕೀಲರಲ್ಲೋ ವಿಚಾರಿಸಿ. ಹೆದರಿ ಸುಮ್ಮನೆ ಕೂರಬೇಡಿ.

ಇವತ್ತೇ ಕಪಾಟು ತೆರೆಯಿರಿ. ಆ ಪರದೆಯ ಹಿಂದೆ ಒಬ್ಬ ತಾಯಿ ದಿನವೂ ಎಂಟನೆಯ ಪದ್ಯಕ್ಕಾಗಿ ಕಾಯುತ್ತಾಳೆ.