ತಳದಲ್ಲಿ ಹೂವಿರುವ ತಂಬಿಗೆ

ನಾನು ಒಂದು ಹಿತ್ತಾಳೆಯ ತಂಬಿಗೆ. ಹುಟ್ಟಿದ್ದು ಸಂಗಳಾಪುರದ ಬೋಗಾರ ಓಣಿಯಲ್ಲಿ. ನನ್ನನ್ನು ಬಡಿದು ರೂಪ ಕೊಟ್ಟ ಧರಣಪ್ಪನಿಗೆ ಒಂದು ಚಾಳಿಯಿತ್ತು. ಹೊರಮೈಯನ್ನು ಬೋಳಾಗಿ ಬಿಟ್ಟು, ಒಳಗೆ ತಳದಲ್ಲಿ ಹೂ ಕೆತ್ತುತ್ತಿದ್ದ. "ಅದು ಯಾರಿಗೆ ಕಾಣ್ತದ?" ಎಂದು ಹೆಂಡತಿ ಕೇಳಿದರೆ, "ನೀರು ಕುಡಿಯಾಂವಗ ಕಾಣ್ತದ" ಎನ್ನುತ್ತಿದ್ದ. ಎಲ್ಲರ ಬರಹ ಹಣೆಯ ಮೇಲಿದ್ದರೆ ನನ್ನದು ಹೊಟ್ಟೆಯೊಳಗಿದೆ.

ಊರಿನ ಹೊಳೆದಂಡೆಯಲ್ಲಿ ನಗರಸಭೆಯವರು ಕುಡಿಯುವ ನೀರು ಶುದ್ಧ ಮಾಡುವ ಘಟಕ ಕಟ್ಟಿಸಿದರು. ಜನ ಅದನ್ನು ಫಿಲ್ಟರ್ ಹೌಸ್ ಎಂದೇ ಕರೆದರು. ಉದ್ಘಾಟನೆಗೆ ಬಂದ ಮಂತ್ರಿಗಳಿಗೆ ಮೊದಲ ನೀರು ಕೊಡಲೆಂದು ನನ್ನನ್ನು ಕೊಂಡರು. ಅವರು ಒಂದು ಗುಟುಕು ಕುಡಿದು, ಫೋಟೊ ತೆಗೆಸಿಕೊಂಡು ಹೋದರು. ಮರುದಿನ ಯಾರಾದರೂ ಎತ್ತಿಕೊಂಡು ಹೋದಾರೆಂದು ನನ್ನ ಕುತ್ತಿಗೆಗೆ ಸರಪಳಿ ಬಿಗಿದು, ಶುದ್ಧ ನೀರಿನ ತೊಟ್ಟಿಯ ನಳಕ್ಕೆ ಕಟ್ಟಿಹಾಕಿದರು. ಮಂತ್ರಿಗಳ ಕೈ ಸೇರಿದವನಿಗೆ ಕಳ್ಳನ ಮರ್ಯಾದೆ. ನನಗೆ ಬಹಳ ಸಿಟ್ಟು ಬಂದಿತ್ತು.

ಆ ಸಿಟ್ಟು ಇಳಿಸಿದವನು ಮೌಲಾಸಾಬ. ಘಟಕ ನಡೆಸುವ ಕೆಲಸ ಅವನದು. ಲ್ಯಾಬಿನವರು ನೀರು ಪರೀಕ್ಷೆ ಮಾಡಿ ಸರಿಯಿದೆ ಎಂದ ಮೇಲೂ ಅವನದೊಂದು ರೂಢಿಯಿತ್ತು. ನನ್ನನ್ನು ತುಂಬಿಸಿ, ಬೆಳಕಿಗೆ ಹಿಡಿದು ಬಗ್ಗಿ ನೋಡುವನು. ತಳದ ಹೂ ಸ್ಪಷ್ಟವಾಗಿ ಕಂಡರೆ ಗಟಗಟ ಕುಡಿದು, ಆಮೇಲೆ ಊರಿಗೆ ನೀರು ಬಿಡುವನು. "ಊರಿಗಿಂತ ಮೊದಲು ನಾ ಕುಡೀಬೇಕು" ಎನ್ನುತ್ತಿದ್ದ. ಅವನ ಬೀಡಿ ವಾಸನೆಯ ಮೀಸೆ ನನ್ನ ಅಂಚಿಗೆ ತಾಗದೆ ನನಗೆ ಬೆಳಗಾಗುತ್ತಿರಲಿಲ್ಲ.

ಊರು ಬೆಳೆಯಿತು, ಫಿಲ್ಟರ್ ಹೌಸ್ ಮಾತ್ರ ಇದ್ದಷ್ಟೇ ಇತ್ತು. ಮಳೆಗಾಲದಲ್ಲಿ ಹೊಳೆಗೆ ಕೆಂಪು ನೀರು ಬಂದಾಗಲಂತೂ ನಿಧಾನವಾಗಿ ಸೋಸಬೇಕು. ಸೋಸಿದ್ದು ಕೆಳಗಿನ ಓಣಿಗಳಿಗೇ ಮುಗಿದು, ಎತ್ತರದಲ್ಲಿದ್ದ ಗುಡ್ಡದ ಓಣಿಗೆ ನೀರು ಏರುತ್ತಿರಲಿಲ್ಲ.

ಆ ಓಣಿಯ ನಗರಸಭೆ ಸದಸ್ಯೆ ಫಕೀರವ್ವ ಒಂದು ದಿನ ಖಾಲಿ ಕೊಡ ಹಿಡಿದು ಬಂದಳು. "ಗುಡ್ಡದ ಮ್ಯಾಲಿನವರು ನಿನ್ನ ಕಣ್ಣಿಗೆ ಮನಷ್ಯಾರು ಕಾಣಂಗಿಲ್ಲೇನು? ಜೋರಾಗಿ ಬಿಡು ನೀರು" ಎಂದಳು.

"ಜೋರು ಬಿಟ್ರ ರಾಡಿ ಬರ್ತದ, ತಂಗಿ. ನೋಡಿಲ್ಲಿ, ಹೂ ಕಾಣಬೇಕು."

"ನೀ ಹೂ ನೋಡ್ಕೊಂತ ಕುಂದ್ರು. ನಮ್ಮ ಹುಡುಗ್ರು ಹೊಂಡದ ನೀರು ಕುಡದು ವಾಂತಿ ಮಾಡ್ಕೊಳ್ಳಾಕತ್ತಾವ."

ಅಂದು ಮೌಲಾಸಾಬ ನನ್ನಲ್ಲಿ ನೀರು ಕುಡಿದರೂ ಅರ್ಧಕ್ಕೇ ಇಳಿಸಿದ. ನನಗೂ ಸಂಕಟವಾಯಿತು.

ಘಟಕವನ್ನು ದೊಡ್ಡದು ಮಾಡಲು ಅನುದಾನ ಬೇಡಿ ನಗರಸಭೆ ಎಷ್ಟೋ ಸಲ ಕೇಳಿಕೊಂಡಿತ್ತು. ಕೊನೆಗೆ ನೋಡಿ ತೀರ್ಮಾನಿಸಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಮೇಡಂ ಬರುತ್ತಾರೆಂದು ಸುದ್ದಿಯಾಯಿತು. ಇಂಜಿನಿಯರ್ ಕೊಪ್ಪದ ಸಾಹೇಬರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಬೀಗರು ಬರುವ ಮನೆಯ ಯಜಮಾನನಂತೆ ಆಡಿದರು. ಗೋಡೆಗೆ ಸುಣ್ಣ, ಪೈಪಿಗೆ ಬಣ್ಣ. ಮೇಜಿನ ಮೇಲೆ ಅಂಗಡಿಯ ಬಾಟಲಿ ನೀರು. ನೆಗ್ಗಿದ ನಾನು ಅವಲಕ್ಷಣವೆಂದು ಸರಪಳಿ ಬಿಚ್ಚಿ ಉಗ್ರಾಣದ ಮೂಲೆಗೆಸೆದರು. ಮಳೆಗಾಲ, ಹೊಳೆ ಕೆಂಪಾಗಿತ್ತು; ನೀರು ಚಂದ ಕಾಣಲೆಂದು ಬೆಳಗಿನಿಂದ ಘಟಕವನ್ನು ಕಾಲು ಭಾಗಕ್ಕಿಳಿಸಿ ನಡೆಸಿದರು. ನೀರು ಫಳಫಳ ಹೊಳೆಯಿತು.

ಮೇಡಂ ಎಲ್ಲ ಸುತ್ತಿ ನೋಡಿದರು. "ಇಷ್ಟು ಚೆನ್ನಾಗಿ ನಡೀತಿದೆಯಲ್ಲ. ಇದಕ್ಕಿಂತ ಕಷ್ಟದಲ್ಲಿರೋ ಊರುಗಳು ಕಾಯ್ತಿವೆ. ದುಡ್ಡು ಮೊದಲು ಅವರಿಗೆ ಹೋಗಬೇಕು" ಎಂದರು. ಕೊಪ್ಪದ ಸಾಹೇಬರ ಮುಖ ಗೋಡೆಯ ಸುಣ್ಣದಷ್ಟೇ ಬಿಳುಪಾಯಿತು.

ನಗರಸಭೆಯವರ ಜೊತೆ ಬಂದಿದ್ದ ಫಕೀರವ್ವ ಉಗ್ರಾಣಕ್ಕೆ ನುಗ್ಗಿದಳು. ಚೀಲಗಳ ಹಿಂದೆ ಕೈಹಾಕಿ ನನ್ನನ್ನು ಎಳೆದು, ಸೆರಗಿನಿಂದ ಒರೆಸಿ ಮೌಲಾಸಾಬನ ಕೈಗಿಟ್ಟಳು. "ಅಣ್ಣಾ, ಇಡೀ ಊರಿಗೆ ಸಾಲೂವಷ್ಟು ಬಿಡು. ನಮ್ಮ ಓಣಿನೂ ಸೇರಿಸಿ."

ಅವನು ಸಾಹೇಬರ ಮುಖ ನೋಡಿದ. ಅವರು ತಲೆ ತಗ್ಗಿಸಿ, "ತಪ್ಪು ನಂದು. ಬಿಡಪಾ" ಎಂದರು. ಮೌಲಾಸಾಬ ಊರಿಗೆ ಹೋಗುವ ವಾಲ್ವ್ ಮುಚ್ಚಿ, ಹೊಳೆಯ ನೀರನ್ನು ಪೂರಾ ಒಳಗೆ ಬಿಟ್ಟ. ಎಲ್ಲರೂ ಕಾದರು. ಬಿಸಿಲು ಏರಿತು, ಬಾಟಲಿ ನೀರು ಖಾಲಿಯಾಯಿತು. ಆಮೇಲೆ ಅವನು ನನ್ನನ್ನು ತುಂಬಿಸಿ ಮೇಡಂ ಮುಂದೆ ಹಿಡಿದ.

"ತಳದಾಗ ಒಂದು ಹೂ ಐತ್ರಿ. ಕಾಣ್ತದೇನ್ರಿ?"

ಅವರು ಬಗ್ಗಿದರು, ಕನ್ನಡಕ ತೆಗೆದು ಮತ್ತೆ ಬಗ್ಗಿದರು. "ಇಲ್ಲ."

"ಇದನ್ನ ನಾ ಕುಡಿಯಂಗಿಲ್ರಿ. ನಾ ಕುಡಿಯದ್ದು ಊರಿಗೆ ಬಿಡಂಗಿಲ್ಲ. ಅದಕ್ಕ ಇವರ ಓಣಿಗೆ ನೀರಿಲ್ಲ." ನನ್ನನ್ನು ನೆಲಕ್ಕೆ ಬಗ್ಗಿಸಿ ಬರಿದು ಮಾಡಿದ. ಫಕೀರವ್ವ ಅವನನ್ನೇ ನೋಡುತ್ತ ನಿಂತಳು. ಆ ನೋಟದಲ್ಲಿ ಹಳೆಯ ಜಗಳ ಉಳಿದಿರಲಿಲ್ಲ. ಮೇಡಂ ಗುಡ್ಡದ ಓಣಿ ಎಲ್ಲಿದೆ ಎಂದು ಕೇಳಿ, ಅಲ್ಲಿಗೇ ಗಾಡಿ ತಿರುಗಿಸಿದರು.

ಅನುದಾನ ಮಂಜೂರಾಯಿತು. ಹಳೆಯದರ ಪಕ್ಕದಲ್ಲೇ ಅದಕ್ಕಿಂತ ದೊಡ್ಡ ಹೊಸ ಘಟಕ ಎದ್ದಿತು. ಅಲ್ಲಿ ನೀರಿನ ಕೊಳೆಯನ್ನು ಯಂತ್ರವೇ ಅಳೆದು ಹೇಳುತ್ತದೆ. ನಾನು ಗುಜರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಫಕೀರವ್ವ ನಗರಸಭೆಯನ್ನು ಕೇಳಿ ನನ್ನನ್ನು ಪಡೆದಳು.

ಗುಡ್ಡದ ಓಣಿಗೆ ಮೊದಲ ಸಲ ನೀರು ಏರಿದ ದಿನ, ನಿವೃತ್ತನಾಗಿದ್ದ ಮೌಲಾಸಾಬನನ್ನು ಅವಳು ಕರೆಸಿದಳು. ನಳದಡಿ ನನ್ನನ್ನು ತುಂಬಿಸಿ ಕೊಟ್ಟಳು. ಅವನು ಬೆಳಕಿಗೆ ಹಿಡಿದು ಬಗ್ಗಿ ನೋಡಿದ.

"ಇನ್ನೂ ನಂಬಿಕಿ ಬರವಲ್ದೇನಣ್ಣಾ?"

"ನಂಬಿಕಿ ಐತಿ, ತಂಗಿ. ರೂಢಿ ಬಿಡವಲ್ದು."

ಪೂರಾ ಕುಡಿದು, ಮೀಸೆ ಒರೆಸಿಕೊಂಡ. ಆಮೇಲೆ ಓಣಿಯ ಹೆಂಗಸರು ಕೊಡ ಹಿಡಿದರು.

ಈಗ ನಾನು ಆ ನಳದ ಪಕ್ಕದ ಗೂಡಿನಲ್ಲಿದ್ದೇನೆ. ಅಂಚು ಸವೆದಿದೆ, ಹೊಟ್ಟೆ ಇನ್ನಷ್ಟು ನೆಗ್ಗಿದೆ. ಸರಪಳಿ ಯಾರೂ ಕಟ್ಟಿಲ್ಲ. ದಾರಿಹೋಕರು ಕುಡಿಯುತ್ತಾರೆ, ತೊಳೆದು ಅದೇ ಗೂಡಿನಲ್ಲಿ ಇಟ್ಟು ಹೋಗುತ್ತಾರೆ.