ಒಪ್ಪಿಕೊಂಡವರ ಕಾಲಂ

"ಇದು ಸರಿಯಿಲ್ಲ ಕಣಮ್ಮ ಹೇಮಾ. ಬರೀ ಕೇಳ್ದೋರ್ನ ಎಣಿಸಿದೀಯ. ಒಪ್ಕೊಂಡೋರು ಎಲ್ಲಿ ಹೋದ್ರು?"

ಮಹಾಂತೇಶಣ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರಸೀಕೆರೆಯ ಅವರ ವಧು-ವರರ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಹೇಮಲತಾ. ಭಾನುವಾರ ಬೇಲೂರಿನಲ್ಲಿ ಸಮಾವೇಶ. ಕೇಂದ್ರದ ಆ್ಯಪಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂಪರ್ಕ ಇರುವವರನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕು, ಫ್ಲೆಕ್ಸಿನಲ್ಲಿ ಫೋಟೊ ಹಾಕಿಸಬೇಕು ಎನ್ನುವುದು ಅವರ ಹೊಸ ಹುಚ್ಚು. ಆ್ಯಪಿನ ಪಟ್ಟಿಯಲ್ಲಿ ಒಂದು ಕಾಲಂನಲ್ಲಿ ಸಂಬಂಧದ ಕೋರಿಕೆ ಕಳಿಸಿದವರು, ಪಕ್ಕದ್ದರಲ್ಲಿ ಅದನ್ನು ಒಪ್ಪಿಕೊಂಡವರು. ಹೇಮಲತಾ ಮೊದಲನೆಯದನ್ನಷ್ಟೇ ಎಣಿಸಿ ಜಾವಗಲ್ಲಿನ ಶಶಿಕಿರಣ್ ಹೆಸರು ಕೊಟ್ಟಿದ್ದಳು.

ಈಗ ಎರಡನ್ನೂ ಒಂದರ ಕೆಳಗೊಂದು ಸೇರಿಸಿ, ಹೆಸರುಗಳನ್ನು ಎಣಿಸಿಕೊಡುವ ಕ್ವೆರಿಯನ್ನು ತಿದ್ದಿದಳು. ಇಷ್ಟು ಸಲೀಸಾದದ್ದು ಮೊದಲೇ ಹೊಳೆಯಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡು ಓಡಿಸಿದಳು. ಎಲ್ಲರಿಗಿಂತ ಮೇಲೆ ಬಂದದ್ದು ಅವಳದೇ ಹೆಸರು. ಅದರ ಕೆಳಗೆ ಹಗರೆಯ ಆಶಾರಾಣಿ. ಶಶಿಕಿರಣ್ ಎಲ್ಲೋ ಆಮೇಲೆ.

ಹೇಮಲತಾ ಯಾರಿಗೂ ಒಂದು ಕೋರಿಕೆಯನ್ನೂ ಕಳಿಸಿದವಳಲ್ಲ. ಬಂದದ್ದಕ್ಕೆಲ್ಲ ಅವ್ವ ಶಿವಗಂಗಮ್ಮನೇ ಫೋನಿನಲ್ಲಿ ಒಪ್ಪಿಗೆ ಒತ್ತುತ್ತಿದ್ದಳು. ಹೆಣ್ಣು ನೋಡಲು ಬಂದವರು ಕೇಸರಿಬಾತು ತಿಂದು, ತೆಂಗಿನ ತೋಟ ನೋಡಿ, ಊರಿಗೆ ಹೋಗಿ ತಿಳಿಸ್ತೀವಿ ಎನ್ನುತ್ತಿದ್ದರು. ಯಾರಾದರೂ ತಿಳಿಸಿದ್ದರೆ ಅವಳ ಹೆಸರು ಇಲ್ಲಿರುತ್ತಿತ್ತೇ? ಮದುವೆ ಗೊತ್ತಾದವರನ್ನು ಪಟ್ಟಿಯಿಂದ ಅಳಿಸುವ ಕೆಲಸವೂ ಅವಳದೇ ತಾನೆ! ಇನ್ನು ಆ ಶಾಲು, ಆ ಚಪ್ಪಾಳೆ. ಮನೆಯಲ್ಲಿ ತಿಂಡಿ ತಿಂದು ಹೋದವರೆಲ್ಲ ಸಾಲಾಗಿ ಕುಳಿತು ನೋಡುವುದು. ನಾಚಿಕೆಯಿಂದ ಮುಖ ಬಿಸಿಯಾಯಿತು, ಅಳು ಒತ್ತಿಕೊಂಡು ಬಂತು.

ಫ್ಲೆಕ್ಸಿನವನು ಕಾಯುತ್ತಿದ್ದಾನೆಂದು ಮಹಾಂತೇಶಣ್ಣ ಅವಸರ ಮಾಡಿದರು. ತನ್ನ ಹೆಸರೊಂದನ್ನು ಕೈಬಿಡುವುದು ಒಂದು ಸಾಲಿನ ಕೆಲಸ. ಆದರೆ ಆಗ ಮೇಲೆ ಬರುವ ಆಶಾರಾಣಿ? ಅವಳ ಮನೆಯಲ್ಲೂ ಕೇಸರಿಬಾತು ಆಗಿರುತ್ತದೆ. ಹೇಮಲತಾ ಬರೆದದ್ದನ್ನೆಲ್ಲ ಅಳಿಸಿದಳು.

"ಎರಡೂ ಸೇರಿಸಿ ನೋಡ್ದೆ ಅಣ್ಣ. ಶಶಿಕಿರಣ್ ಅವರೇ ಬಂದ್ರು."

"ಅಂಗಾದ್ರೆ ನಂದೇ ತಪ್ಪು ಬಿಡು," ಎಂದು ಅವರು ನಕ್ಕು ಹೊರಟರು.

ಬಾಗಿಲು ಹಾಕುವ ಹೊತ್ತಿಗೆ ಅವ್ವನ ಫೋನು ಬಂತು. ದನಿಯಲ್ಲಿ ಎಷ್ಟು ಹಿಗ್ಗು!

"ಇನ್ನೊಂದು ಬಂದೈತೆ ಕಣೇ, ಬಿಕ್ಕೋಡಿನೋರು. ಒಪ್ಕೊಂಡಿವ್ನಿ. ನಾಳೆನೇ ಬತ್ತಾರಂತೆ."

ಮರಿಯಣ್ಣನ ದಿನಸಿ ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಹೇಮಲತಾ ಒಂದು ಪಕ್ಕಕ್ಕೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಮರಿಯಣ್ಣ ರವೆ ತೂಗಿ, ದ್ರಾಕ್ಷಿ-ಗೋಡಂಬಿಯ ಪೊಟ್ಟಣ ಅದರ ಮೇಲಿಟ್ಟು, ಮೆಲ್ಲಗೆ ಅವಳತ್ತ ಸರಿಸಿದ.