ಉಪವಾಸದ ರಕ್ತ

ಖಾನಾಪುರದ ಕಾಡಿನಲ್ಲಿ ಹುಲಿಗಳು ಎಷ್ಟಿವೆ ಎಂದು ಎಣಿಸಲು ಸರಕಾರ ಒಂದು ಇಲಾಖೆಯನ್ನೇ ಇಟ್ಟಿದೆ. ಅದೇ ಊರಿನ ಉಳವಪ್ಪನ ಬಡಾಯಿಗಳನ್ನು ಎಣಿಸುವ ಧೈರ್ಯ ಮಾತ್ರ ಯಾವ ಸರಕಾರಕ್ಕೂ ಆಗಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಮೇಸ್ತ್ರಿಯಾಗಿದ್ದ ಮನುಷ್ಯ. ಭಟ್ಟಿಯ ಬಾಗಿಲಲ್ಲಿ ನಿಂತು ಅವನು ಒಮ್ಮೆ ಕೆಮ್ಮಿದರೆ ಸಾಕು, ಒಳಗಿನ ಹಸಿ ಹಂಚುಗಳು ಹೆದರಿ ಬೆಂಕಿಯಿಲ್ಲದೆ ಕೆಂಪಗಾಗುತ್ತಿದ್ದವು. ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಅವನ ಮುಖ ನೋಡಿ ಎರಡು ಗೇಣು ಇಳಿದಿದ್ದಳು. ಅವನ ಹೆಂಡತಿ ಬಾಳವ್ವ ಇಂಥ ಮಾತುಗಳನ್ನು ನಲವತ್ತೆರಡು ವರ್ಷ ಕೇಳಿ ಕೇಳಿ ಅರ್ಧ ನಂಬಿಬಿಟ್ಟಿದ್ದಳು. ಪೂರಾ ನಂಬಿದ್ದರೆ ಚಿಂತೆಯಿರಲಿಲ್ಲ, ಪೂರಾ ಬಿಟ್ಟಿದ್ದರೂ ಚಿಂತೆಯಿರಲಿಲ್ಲ. ಆ ಅರ್ಧವೇ ಅವಳನ್ನು ಮುಳುಗಿಸಿತು.

ಅವರಿಗೆ ಒಬ್ಬಳೇ ಮಗಳು, ಸಮೃದ್ಧಿ. ಬೆಳಗಾವಿಯ ಆಫೀಸೊಂದರಲ್ಲಿ ಕೆಲಸ. ಹೆಚ್ಚು ಪಗಾರದ ಇನ್ನೊಂದು ನೌಕರಿ ಸಿಕ್ಕಿದ್ದರೂ ಬಿಟ್ಟು ಇದನ್ನೇ ಹಿಡಿದಿದ್ದಳು. ಕಾರಣ ಒಂದೇ. ಈ ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅವ್ವನ ಹೆಸರೂ ಸೇರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಅವಳು ಕಾಗದಗಳನ್ನು ಹರವಿಕೊಂಡು ಕುಳಿತು ಹೇಳಿದಳು: "ಅಪ್ಪಾ, ಬ್ಯಾನಿ ಬಂದಮ್ಯಾಲ ದವಾಖಾನಿಗೆ ಓಡೂದಲ್ಲ ಇದು. ಬರೂಕಿಂತ ಮೊದಲಽ ನೋಡೂದು. ವರ್ಷಕ್ಕೊಮ್ಮೆ ಮನಿಗೇ ಬಂದು ರಕ್ತ ತಗೊಂಡ ಹೋಗ್ತಾರ, ಎಲ್ಲಾ ವಿಮಾದಾಗ ಬರ್ತದ. ಎಂಬತ್ತೈದರ ತನಕಾ ನೀವಿಬ್ಬರೂ ಗಟ್ಟಿ ಇರಬೇಕು ನನಗ."

"ಎಂಬತ್ತೈದು ಯಾಕವಾ? ನಾ ನೂರಾ ಐದಕ್ಕ ಸಹಿ ಮಾಡಿ ಬಂದೇನಿ," ಅಂದ ಉಳವಪ್ಪ.

"ಆತು, ನೂರಾ ಐದು. ಆದ್ರ ರಕ್ತ ಕೊಡೂ ದಿವಸ ಬರೇ ಹೊಟ್ಟೀಲೆ ಇರಬೇಕು. ರಾತ್ರಿ ಊಟದಿಂದ ಹನ್ನೆರಡು ತಾಸು ನೀರು ಬಿಟ್ಟು ಏನೂ ಇಲ್ಲ. ಚಹಾನೂ ಇಲ್ಲ ಮತ್ತ!"

ಅಲ್ಲಿಗೆ ಬಂತು ನೋಡಿ ಕುತ್ತು. ಉಳವಪ್ಪನಿಗೆ ಬೆಳಗಿನ ಐದಕ್ಕೆ ಚಹಾ ಬೇಕು. ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ. ಅವನು ಕಪ್ಪು ಕೆಳಗಿಟ್ಟ ಸಪ್ಪಳ ಕೇಳಿಸಿದ ಮೇಲೆಯೇ ಸೂರ್ಯ ಮೂಡಲ ಕಡೆಯಿಂದ ತಲೆ ಎತ್ತುತ್ತಿದ್ದ. ಬಾಳವ್ವನದು ಇದಕ್ಕೆ ಪೂರಾ ಉಲ್ಟಾ. ಸ್ನಾನ ಮಾಡಿ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸುವ ತನಕ ನೀರಿನ ಹನಿಯೂ ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ. ಜ್ವರ ಬಂದಾಗಲೂ ಅಷ್ಟೇ, ಸಮೃದ್ಧಿ ಹುಟ್ಟಿದ ದಿನವೂ ಅಷ್ಟೇ.

ಮೊದಲ ವರ್ಷ ರಕ್ತ ತೆಗೆಯಲು ಬಂದವನು ಸಿದರಾಯ. ನಲವತ್ತೈದರ ಆಸುಪಾಸಿನ ಮನುಷ್ಯ, ಮೋಟರ್ ಸೈಕಲ್ಲಿನ ಹ್ಯಾಂಡಲಿಗಿಂತ ಅಗಲ ಮೀಸೆ. ಒಂಬತ್ತರೊಳಗೆ ಇನ್ನೂ ಹದಿನಾಲ್ಕು ಮನೆ ಮುಗಿಸಬೇಕಿತ್ತು ಅವನಿಗೆ.

"ಕಾಕಾ, ಬಾಯಾಗ ಏನೂ ಹಾಕಿಲ್ಲಲ್ಲ?"

"ಏನಿಲ್ಲೋ ತಮ್ಮಾ. ಬರೇ ಒಂದು ಕಪ್ ಚಹಾ."

"ಕೆಡಿಸಿದ್ರೆಲ್ಲ ಕಾಕಾ! ಈ ರಕ್ತ ನಡ್ಯಂಗಿಲ್ಲ ಈಗ. ನಾಳೆ ಮತ್ತ ಬರ್ಬೇಕಾಕ್ಕೈತಿ ನಾ."

"ನಾಳೆನೂ ಐದು ಹೊಡೀತೈತಲ್ಲೋ."

ಬಾಳವ್ವ ಆಗಷ್ಟೇ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಪೂಜೆಗೆ ಹೊರಟಿದ್ದಳು. ತಿರುಗಿ ಬಂದು ಕುರ್ಚಿಯ ಮೇಲೆ ಕೂತು, ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದಳು.

"ಸಿದರಾಯಾ, ನಾ ಇನ್ನ ನೀರೂ ಮುಟ್ಟಿಲ್ಲ ನೋಡು. ಇವರ ಪಾಲಿಂದೂ ನನ್ನ ಕೈಯಾಗಽ ತಗೋ."

"ಹಂಗ ಬರಂಗಿಲ್ಲ ಕಾಕೂ."

"ಯಾಕ ಬರಂಗಿಲ್ಲ? ನಲವತ್ತು ವರ್ಷ ಆಗಾಕ ಬಂತು, ಒಂದಽ ಹಿಟ್ಟಿನ ರೊಟ್ಟಿ, ಒಂದಽ ಭಾವಿ ನೀರು. ರಕ್ತ ಬ್ಯಾರೆ ಎಲ್ಲಿಂದ ಬರ್ಬೇಕು?"

ಸಿದರಾಯ ಗಡಿಯಾರ ನೋಡಿದ, ಉಳವಪ್ಪನ ಮುಖ ನೋಡಿದ, ನಕ್ಕ. ಒಂದೇ ಕೈಯಿಂದ ಎರಡು ಪಾಲು ರಕ್ತ ಎಳೆದು, ಒಂದಕ್ಕೆ ಬಾಳವ್ವ ಎಂದೂ ಇನ್ನೊಂದಕ್ಕೆ ಉಳವಪ್ಪ ಎಂದೂ ಚೀಟಿ ಅಂಟಿಸಿದ. ಮೂರು ದಿನಕ್ಕೆ ರಿಪೋರ್ಟು ಬಂತು. ಎರಡರಲ್ಲೂ ಎಲ್ಲ ಸರಿ, ಇಬ್ಬರದೂ ಸಕ್ಕರೆ ಎಂಬತ್ತೆಂಟು. ಸಮೃದ್ಧಿ ಫೋನಿನಲ್ಲೇ ಕುಣಿದಳು. ಗಂಡ ಹೆಂಡತಿ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕರು.

ಎರಡನೆಯ ವರ್ಷ ಸಿದರಾಯ ಕೇಳಲೇ ಇಲ್ಲ, ಸೀದಾ ಬಾಳವ್ವನ ಕೈ ಹಿಡಿದ. ಮೂರನೆಯ ವರ್ಷಕ್ಕೆ ಉಳವಪ್ಪ ಆ ರಿಪೋರ್ಟು ತನ್ನದಲ್ಲ ಎಂಬುದನ್ನೇ ಮರೆತುಬಿಟ್ಟ. ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಬಸ್ ಸ್ಟ್ಯಾಂಡಿಗೆ ಒಯ್ಯತೊಡಗಿದ. "ಅರವತ್ತೇಳು ವರ್ಷ ನನಗ. ಸಕ್ಕರಿ ಎಂಬತ್ತೆಂಟು! ಇಪ್ಪತ್ತರ ಹುಡುಗ ಯಾವನರ ತೋರಿಸ್ಲಿ!" ಎಂದು ಅವನು ಕೂಗಿದರೆ ಗೋವಾಕ್ಕೆ ಹೊರಟ ಬಸ್ಸುಗಳೂ ಒಂದು ಗಳಿಗೆ ನಿಂತು ಕೇಳಿ ಹೋಗುತ್ತಿದ್ದವು. ಮರಾಠಿಯವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ, ಎರಡೂ ಬಾರದವರಿಗೆ ಬೆರಳೆಣಿಸಿ ಹೇಳುತ್ತಿದ್ದ.

ಆದರೆ ಬಾಳವ್ವನಿಗೆ ಕಣ್ಣಿದ್ದವು. ಅವನು ಮೂತ್ರ ಮಾಡಿ ಬಂದ ಬಚ್ಚಲ ಕಲ್ಲಿನ ಮೇಲೆ ಕರಿ ಇರುವೆ ಸಾಲುಗಟ್ಟುವುದನ್ನು ಅವಳು ಕಂಡಳು. ಅಂಗಿ ಅವನ ಹೆಗಲಿನಿಂದ ಜಾರುವುದನ್ನು ಕಂಡಳು. ಕಾಲ್ಬೆರಳಿನ ಒಂದು ಸಣ್ಣ ಗಾಯ ಎರಡು ತಿಂಗಳು ಮಾಯದೆ ಕೂತಿದ್ದನ್ನೂ ಕಂಡಳು.

"ಏನ್ರಿ, ಒಮ್ಮೆ ಬೆಳಗಾವಿಗೆ ಹೋಗಿ ತೋರಿಸ್ಕೊಂಡು ಬರೂಣ್ರಿ."

ಅವನು ರಿಪೋರ್ಟು ತೆಗೆದು ಅವಳ ಮುಂದೆ ಹಿಡಿದ. "ಓದು."

"ಅದು ನನ್ನ ರಕ್ತದ್ದರಿ."

"ನಿಂದು ಬ್ಯಾರೆ, ನಂದು ಬ್ಯಾರೆ ಏನ? ನೀನಽ ಹೇಳಿದ್ದಿಲ್ಲೇನು?"

ತನ್ನ ಮಾತೇ ತಿರುಗಿ ಬಂದು ತನ್ನ ಬಾಯಿ ಮುಚ್ಚಿತು. ಕಾಗದದ ಮೇಲೆ ಅವನ ಹೆಸರಿತ್ತು, ಮುದ್ರೆಯಿತ್ತು, ಡಾಕ್ಟರ ಸಹಿಯಿತ್ತು. ತಾನು ಸಾಲಿ ಕಂಡವಳಲ್ಲ. ತನ್ನ ಎರಡು ಕಣ್ಣು ದೊಡ್ಡವೋ, ಅಷ್ಟು ದೊಡ್ಡ ಮುದ್ರೆ ದೊಡ್ಡದೋ? ನಾಲ್ಕನೆಯ ವರ್ಷವೂ ಅವಳೇ ಕೈ ಚಾಚಿದಳು.

ಈ ವರ್ಷ ಶ್ರಾವಣದಲ್ಲಿ ಉಳವಪ್ಪನ ಪಾದಗಳು ಬಾತು ಚಪ್ಪಲಿ ಹಿಡಿಸದಾದವು. ಅನ್ನ ಕಂಡರೆ ವಾಂತಿ. ಬಡಾಯಿ ಕೊಚ್ಚಲು ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸತೊಡಗಿದ ದಿನ ಬಾಳವ್ವ ಮಗಳಿಗೆ ಫೋನ್ ಹಚ್ಚಿದಳು. ಸಮೃದ್ಧಿ ಕಾರು ತಂದು ಇಬ್ಬರನ್ನೂ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ತುರ್ತಾಗಿ ಮಾಡಿದ ಪರೀಕ್ಷೆಯಲ್ಲಿ ಸಕ್ಕರೆ ಮುನ್ನೂರ ನಲವತ್ತು ಬಂತು. ಎರಡೂ ಕಿಡ್ನಿ ಕೆಲಸ ನಿಲ್ಲಿಸುತ್ತಾ ಬಂದಿದ್ದವು.

ಡಾಕ್ಟರ್ ರಸಿಕಾ ಎಂಬ ಮಧ್ಯವಯಸ್ಸಿನ ಹೆಂಗಸು, ಸಮೃದ್ಧಿ ಜೋಪಾನ ಮಾಡಿಟ್ಟಿದ್ದ ನಾಲ್ಕೂ ವರ್ಷದ ಕಾಗದಗಳನ್ನು ಒಂದೊಂದಾಗಿ ಓದಿದರು. ಅವರ ಹುಬ್ಬು ಸಡಿಲಾಯಿತು.

"ಹೋದ ವರ್ಷ ಎಲ್ಲಾ ಚಲೋನ ಅದ. ಸಕ್ಕರಿ ಕಾಯಿಲೆ ಒಂದು ವರ್ಷದಾಗ ಕಿಡ್ನಿ ಹಿಂಗ ಕೆಡಿಸಂಗಿಲ್ಲ. ಅಂದ್ರ ಇದು ಬ್ಯಾರೆ ಏನೋ, ಒಮ್ಮಿಂದೊಮ್ಮೆಲೆ ಬಂದದ್ದು. ಹಂಗ ಕೆಟ್ಟ ಕಿಡ್ನಿ ತಿರುಗಿ ಸುಧಾರಿಸೂದೂ ಉಂಟು. ನಾಳೆ ಮುಂಜಾನೆ ಸೂಜಿ ಹಾಕಿ ಕಿಡ್ನಿದು ಒಂದು ಚೂರು ತಗದು ನೋಡ್ತೀವಿ. ಆಮ್ಯಾಲ ಜೋರಿನ ಔಷಧ ಸುರು ಮಾಡೂಣು."

ಸಮೃದ್ಧಿ ಅವ್ವನನ್ನು ತಬ್ಬಿಕೊಂಡು ಅತ್ತಳು. "ನೋಡಿದೇನವ್ವಾ? ವರ್ಷಾ ವರ್ಷಾ ತೋರಿಸಿದ್ದಕ್ಕ ಗೊತ್ತಾತು. ಇಲ್ಲಂದ್ರ ಏನಂತ ತಿಳೀತಿದ್ವಿ ನಾವು?" ಆ ಅಪ್ಪುಗೆಯಲ್ಲಿ ಬಾಳವ್ವನ ಎಲುಬೆಲ್ಲ ಒಂದೊಂದಾಗಿ ಮುರಿದವು. ಹೊರಗಿನವರಿಗೆ ಸಪ್ಪಳ ಮಾತ್ರ ಕೇಳಿಸಲಿಲ್ಲ.

ಮಗಳು ಔಷಧಿ ತರಲು ಕೆಳಗಿಳಿದಳು. ಬಾಳವ್ವ ಮಂಚದ ಹತ್ತಿರ ಬಂದಳು.

"ಹೇಳಿಬಿಡೂಣ್ರಿ."

ಉಳವಪ್ಪ ಅವಳ ಮಣಿಕಟ್ಟು ಹಿಡಿದ. ಭಟ್ಟಿಯನ್ನೇ ಹೆದರಿಸಿದ್ದ ಕೈ ಈಗ ಹಿಂಡಿದ ಅರಿವೆಯ ಹಾಗಿತ್ತು. "ಬ್ಯಾಡ ಬಾಳಿ. ಸುಧಾರಿಸ್ತೈತಿ ಅಂತಾರಲ್ಲ ಡಾಕ್ಟರಬಾಯಿ."

"ಅವರು ಅಂದಿದ್ದು ನನ್ನ ಕಿಡ್ನಿ ಸುದ್ದೀರಿ. ನಿಮ್ಮದಲ್ಲ."

ಅವನು ಗೋಡೆಯ ಕಡೆ ತಿರುಗಿದ. ಗೋಡೆಗೇ ಅಂದ: "ಹುಡುಗಿಗೆ ಏನಂತ ಹೇಳ್ತಿ? ಪ್ರತಿ ವರ್ಷ ಹಿಂದಿನ ದಿನ ಫೋನ್ ಮಾಡ್ತಿತ್ತು, ಅಪ್ಪಾ ಚಹಾ ಕುಡೀಬ್ಯಾಡ ಅಂತ. ಇಲ್ಲವಾ, ನಿನ್ನ ಆಣಿ, ಮುಟ್ಟಂಗಿಲ್ಲ ಅಂತಿದ್ನಿ. ಇನ್ನೊಂದು ದಿನ ಬಿಡು. ಅಕಿ ಮುಖ ಒಂದಿನಾ ಹಿಂಗಽ ಇರಲಿ."

ಬಾಳವ್ವನಿಗೂ ಅದೇ ಬೇಕಾಗಿತ್ತು, ಒಂದೇ ಒಂದು ದಿನ. ಆದರೆ ನಾಳೆ ಮುಂಜಾನೆ ಸೂಜಿ ಇಳಿಯುವುದು ಈ ಮೈಗೆ, ಜೋರಿನ ಔಷಧ ಇಳಿಯುವುದೂ ಈ ಮೈಗೇ. ಅವಳು ಅವನ ಬೆರಳುಗಳನ್ನು ಬಿಡಿಸಿಕೊಂಡಳು. ಡಾಕ್ಟರರ ಕೋಣೆ ಹತ್ತು ಹೆಜ್ಜೆ ದೂರ. ಬೆಳಗಾವಿಯಿಂದ ಖಾನಾಪುರಕ್ಕೆ ತಲೆ ಮೇಲೆ ಹಂಚು ಹೊತ್ತು ನಡೆದಿದ್ದರೂ ಅಷ್ಟು ದೂರವಾಗುತ್ತಿರಲಿಲ್ಲ.

ನಿಂತೇ ಹೇಳಿದಳು. ಚಹಾ, ಪೂಜೆ, ಸಿದರಾಯ, ಎರಡು ಚೀಟಿ, ಎಲ್ಲ.

"ನಾಲ್ಕೂ ವರ್ಷ?" ಡಾಕ್ಟರು ಪೆನ್ನು ಕೆಳಗಿಟ್ಟರು.

"ನಾಲ್ಕೂ ವರ್ಷಾರಿ."

ಬಾಗಿಲಲ್ಲಿ ಔಷಧಿಯ ಚೀಲ ಹಿಡಿದು ಸಮೃದ್ಧಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹೇಳಿದ್ದು ಚಲೋ ಆತು," ಅಂದರು ಡಾಕ್ಟರು, ನಾಳೆಯ ಸೂಜಿಯ ಚೀಟಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಾ. "ಆ ಔಷಧ ಕೊಟ್ಟಿದ್ರ ಸಕ್ಕರಿ ಇನ್ನೂ ಏರ್ತಿತ್ತು. ಆದ್ರ ಇದು ವರ್ಷಗಟ್ಲೆ ಒಳಗೊಳಗ ತಿಂದದ್ದು. ತಿರುಗಿ ಬರೂದಲ್ಲ. ವಾರಕ್ಕ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸ್ಕೋತ ಹೋಗ್ಬೇಕು."

"ನಾಲ್ಕು ವರ್ಷದ ಹಿಂದಽ ಸಿಕ್ಕಿದ್ರ?" ಸಮೃದ್ಧಿ ಬಾಗಿಲಿಂದಲೇ ಕೇಳಿದಳು.

ಡಾಕ್ಟರು ಮೇಜಿನ ಮೇಲಿನ ಕಾಗದಗಳ ಕಡೆ ನೋಡಿದರು. "ಗುಳಿಗಿ ತಗೊಂಡು, ದಿನಾ ನಡದಾಡಿ, ಬಾಯಿ ಕಟ್ಟಿದ್ರ... ಇಲ್ಲೀತನಕಾ ಬರ್ತಿದ್ದಿಲ್ಲ ಅನಸ್ತದ."

ಸಮೃದ್ಧಿ ಬೈಯಲಿಲ್ಲ. ಬೈದಿದ್ದರೆ ಬಾಳವ್ವ ಅವಳ ಕಾಲು ಹಿಡಿಯುತ್ತಿದ್ದಳು. ಚೀಲವನ್ನು ಮೇಜಿನ ಮೇಲಿಟ್ಟು, "ಅವ್ವಾ, ನಾಲ್ಕು ವರ್ಷ ನಾ ನಿನ್ನನ್ನಽ ಎರಡೆರಡು ಸಲ ನೋಡಿಸಿದಂಗಾತು. ಅಪ್ಪನ್ನ ಯಾರೂ ನೋಡಲೇ ಇಲ್ಲ," ಅಂದಳು. ಅಷ್ಟೇ ಅಂದು ಹೊರಗೆ ಹೋದಳು.

ಬಾಳವ್ವ ಅಲ್ಲೇ ನಿಂತು ಕೈ ಜೋಡಿಸಿದಳು. "ಬಾಯಾರ, ನಂದೊಂದು ಕಿಡ್ನಿ ತಗೋರಿ. ನಂದು ಎಷ್ಟು ಗಟ್ಟಿ ಐತಿ ಅಂತ ನಿಮ್ಮ ಮುಂದ ಎಂಟು ಕಾಗದ ಬಿದ್ದಾವಲ್ಲರಿ."

ಡಾಕ್ಟರು ಇಲ್ಲವೆನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ, ಪರೀಕ್ಷೆ ಮಾಡಿಸೋಣ ಎಂದರು. ಎರಡು ದಿನ ಬಾಳವ್ವ ಆಸೆಯಿಂದ ಕಾದಳು. ಆ ಎರಡು ದಿನದಲ್ಲಿ ಅವಳು ಹರಕೆ ಹೊರದ ದೇವರು ಕಾಕತಿಯಿಂದ ಖಾನಾಪುರದ ತನಕ ಒಂದೂ ಉಳಿಯಲಿಲ್ಲ. ಮೂರನೆಯ ದಿನ ಡಾಕ್ಟರೇ ಬಂದು ಅವಳ ಬಾಜೂಕ ಕೂತರು. ಅವಳ ರಕ್ತದ ಗುಂಪು ಬಿ, ಅವನದು ಓ. ಅವನ ಮೈ ಅವಳದನ್ನು ಒಪ್ಪುವುದಿಲ್ಲ. ಒಪ್ಪಿದ್ದರೂ, ಸಕ್ಕರೆ ಕಾಯಿಲೆಯಿಂದ ಸೋತ ಅವನ ಹೃದಯ ಅಂಥ ಆಪರೇಶನ್ ತಡೆಯುವುದಿಲ್ಲ.

ಅಂದು ಉಳವಪ್ಪನಿಗೆ ಎರಡನೆಯ ಡಯಾಲಿಸಿಸ್. ಬಾಳವ್ವ ಒಳಗೆ ಹೋಗಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ತೆಳುವಾದ ಕೊಳವೆಯಲ್ಲಿ ಅವನ ರಕ್ತ ಹೊರಗೆ ಬಂದು, ಮಷೀನು ಸುತ್ತಿ, ಮತ್ತೆ ಅವನೊಳಗೆ ಹೋಗುತ್ತಿತ್ತು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳಿಗೆ ಅದರ ಗುರುತೇ ಇರಲಿಲ್ಲ.

"ಏನಂದ್ರು?" ಕಣ್ಣು ಮುಚ್ಚಿಕೊಂಡೇ ಕೇಳಿದ ಉಳವಪ್ಪ.

"ಕೂಡಂಗಿಲ್ಲಂತರಿ. ನಿಮ್ಮದು ಬ್ಯಾರೆ, ನಂದು ಬ್ಯಾರೆ."

ಅವನು ಕಣ್ಣು ತೆರೆದು ಕೊಳವೆ ನೋಡಿದ. ಆಮೇಲೆ ಒಣಗಿದ ತುಟಿ ಅಲ್ಲಾಡಿತು.

"ಚಲೋ ಆತು ಬಿಡು ಬಾಳಿ. ಕೂಡಿದ್ರ ಅದನ್ನೂ ನಂದಽ ಅಂತ ಊರತುಂಬ ಹೇಳ್ಕೋತ ತಿರಗ್ತಿದ್ನಿ."

ಬಾಳವ್ವ ನಗಬೇಕೆಂದು ಬಾಯಿ ತೆರೆದಳು. ಬಂದ ಸಪ್ಪಳಕ್ಕೆ ಪಕ್ಕದ ಮಂಚದವರು ತಲೆ ಎತ್ತಿ ನೋಡಿದರು, ನರ್ಸು ಓಡಿ ಬಂದಳು. ಗಾಜಿನ ಬಾಗಿಲ ಆಚೆ ನಿಂತಿದ್ದ ಸಮೃದ್ಧಿ ಅವ್ವನ ಕಡೆ ಒಂದು ಹೆಜ್ಜೆ ಇಟ್ಟಳು, ಅಲ್ಲೇ ನಿಂತಳು. ಮಷೀನು ತಿರುಗುತ್ತಿತ್ತು. ಅಂದಿನ ಪಾಳಿ ಮುಗಿಯಲು ಇನ್ನೂ ಮೂರು ತಾಸು ಇತ್ತು.